ಅಪ್ಪನನ್ನು ಮೊದಲು ಮುಗಿಸಿ

ಯುನಿಕ್ಸ್ ಸರ್ವರ್‌ಗಳನ್ನು ಕಾಯುವ ಕೆಲಸ ನನ್ನದು. ಯಂತ್ರದೊಳಗೆ ಯಾವ ಯಾವ ಪ್ರೋಗ್ರಾಂ ಓಡುತ್ತಿದೆ, ಪ್ರೊಸೆಸರಿಗೆ ಎಷ್ಟು ಹೊರೆ ಹಾಕಿದೆ ಎಂದು ನೋಡುತ್ತಿರಬೇಕು, ಅತಿಯಾದದ್ದನ್ನು ನಿಲ್ಲಿಸಬೇಕು. ಇದರಲ್ಲಿ ನಗುವಂಥದ್ದೇನಿದೆ ಎಂದು ಹೊಸದರಲ್ಲಿ ನನ್ನ ಗಂಡ ಕೇಳಿದ್ದರು. ಈಗ ಬಾಗಿಲು ತೆಗೆಯುತ್ತಲೇ "ಇವತ್ತೇನಾಯ್ತು?" ಎನ್ನುತ್ತಾರೆ.

ಆ ಹೊಸದರಲ್ಲಿ ನನಗಿದ್ದ ಚಿಂತೆ ಒಂದೇ, ಮನೆ. ಆಫೀಸು ಮುಂಬೈಯ ಗೋರೆಗಾಂವ್‌ನಲ್ಲಿ, ನಾವಿದ್ದದ್ದು ಡೊಂಬಿವಲಿಯಲ್ಲಿ. ಎರಡು ಲೋಕಲ್ ರೈಲು ಬದಲಿಸಿ ಬರುವಷ್ಟರಲ್ಲಿ ಸರ್ವರ್‌ಗಿಂತ ಮೊದಲು ನಾನೇ ಹ್ಯಾಂಗ್ ಆಗಿರುತ್ತಿದ್ದೆ. ಹತ್ತಿರದಲ್ಲಿ ಬಾಡಿಗೆ ಮನೆ ಸಿಗದಿದ್ದರೆ ಕೆಲಸ ಬಿಡುವುದೆಂದು ತೀರ್ಮಾನಿಸಿದ್ದೆ. ಆದರೆ ಮನೆ ನೋಡಲು ಹೊರಟಾಗಲೆಲ್ಲ ಆಫೀಸಿನಲ್ಲಿ ಏನಾದರೊಂದು ಆಗುತ್ತಿತ್ತು.

ರಕ್ತಬೀಜಾಸುರ

ನಮ್ಮ ಸರ್ವರ್ ರೂಮಿಗೆ ವಿಜಯಪುರ ಕಡೆಯವರೊಬ್ಬರು ಬಂದರು. ಅಲ್ಲಿಯವರೆಗೆ ಎ.ಸಿ. ಪ್ಲಾಂಟ್ ನೋಡಿಕೊಳ್ಳುತ್ತಿದ್ದವರು. ವಯಸ್ಸು ಐವತ್ತರ ಹತ್ತಿರ, ಹುಮ್ಮಸ್ಸು ಇಪ್ಪತ್ತರದ್ದು. 'ಬ್ಯಾಕಪ್' ಎಂಬ ಪ್ರೋಗ್ರಾಂ ಇನ್ನೂ ಓಡುತ್ತಿದ್ದರೆ ನಿಲ್ಲಿಸಿ ಎಂದು ಅವರಿಗೆ ಹೇಳಿ, ಜೋಗೇಶ್ವರಿಯಲ್ಲಿ ಮನೆ ನೋಡಲು ಹೊರಟೆ. 'ಪಿಎಸ್' ಎಂದರೆ ಓಡುತ್ತಿರುವವರೆಲ್ಲರ ಪಟ್ಟಿ ಬರುತ್ತದೆ. 'ಗ್ರೆಪ್' ಅದರಲ್ಲಿ ಬೇಕಾದ ಹೆಸರು ಹುಡುಕಿಕೊಡುತ್ತದೆ. ಪಕ್ಕದಲ್ಲಿರುವ ನಂಬರ್ ಕೊಟ್ಟು 'ಕಿಲ್' ಎಂದರೆ ಕಥೆ ಮುಗಿಯಿತು.

ಸ್ಟೇಷನ್ ಮುಟ್ಟುವಷ್ಟರಲ್ಲಿ ಫೋನು. "ಮೇಡಂ, ಇದು ಸಾಯವಲ್ದರೀ! ಒಂದು ನಂಬರ್ ಹೊಡದ್ರ ಮತ್ತೊಂದು ನಂಬರ್ ತಗೊಂಡು ಹುಟ್ಟಾಕತ್ತೈತಿ. ರಕ್ತಬೀಜಾಸುರ ಐತ್ರೀ ಇದು!"

ಬ್ರೋಕರ್‌ಗೆ ಆಮೇಲೆ ಬರುತ್ತೇನೆಂದು ಹೇಳಿ ಹಿಂದಕ್ಕೆ ಓಡಿದೆ. ಆ ಮನೆ ಅಂದೇ ಬೇರೆಯವರ ಪಾಲಾಯಿತು. ಬಂದು ನೋಡಿದರೆ ಬ್ಯಾಕಪ್ ಯಾವಾಗಲೋ ಮುಗಿದಿದೆ. ಹುಡುಕುವ ಗ್ರೆಪ್ ಕೂಡ ಒಂದು ಪ್ರೋಗ್ರಾಂ ತಾನೆ? 'ಬ್ಯಾಕಪ್' ಎಂಬ ಹೆಸರು ಹಿಡಿದುಕೊಂಡೇ ಓಡುವುದರಿಂದ ಪಟ್ಟಿಯಲ್ಲಿ ಅದೇ ಸಿಕ್ಕಿಬೀಳುತ್ತದೆ, ಪ್ರತಿ ಸಲವೂ ಹೊಸ ನಂಬರಿನಲ್ಲಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು.

"ನಿಮಗೆ ಸಿಗ್ತಿರೋದು ನಿಮ್ಮ ಹುಡುಕಾಟವೇ," ಎಂದೆ.

ಅವರು ಕನ್ನಡಕ ತೆಗೆದರು. "ಅಂದ್ರ ಇಷ್ಟೊತ್ತು ನನ್ನ ನಾನ ಕೊಲ್ಲಾಕ ಹತ್ತಿದ್ನೇನ್ರಿ?"

ಹದಿನಾರರಲ್ಲಿ ಹದಿನೈದು ಕಾಣೆ

ಹೆಡ್ ಆಫೀಸಿನಿಂದ ಸಾಮಾನು ತಪಾಸಣೆಗೆ ಒಬ್ಬರು ಬಂದರು, ಮರಾಠಿಯವರು, ಒಂದೊಂದು ಕೋಣೆಗೆ ಒಂದೊಂದು ಸಂಸಾರವಿರುವ ವಠಾರದಲ್ಲಿ, ಅಂದರೆ ಚಾಳಿನಲ್ಲೇ, ಹುಟ್ಟಿ ಬೆಳೆದವರು. ಸರ್ವರ್‌ನಲ್ಲಿ ಎಷ್ಟು ಪ್ರೊಸೆಸರ್ ಎಂದು ಕೇಳಿದರು. ಕಮಾಂಡ್ ಕೊಟ್ಟೆ, ಹದಿನಾರು ಎಂದು ಬಂತು. "ತೆಗೆದು ತೋರಿಸಿ," ಎಂದರು. ಮುಚ್ಚಳ ಬಿಚ್ಚಿದೆ. ಒಳಗೆ ಇದ್ದದ್ದು ಒಂದೇ ಚಿಪ್.

"ಉಳಿದ ಹದಿನೈದು ಯಾರು ಮನೆಗೆ ಒಯ್ದರು?"

ಆ ದಿನವೂ ಒಂದು ಮನೆ ನೋಡುವುದಿತ್ತು, ಬ್ರೋಕರ್ ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಕೋರ್, ಥ್ರೆಡ್ ಎಂದೆಲ್ಲ ಹೇಳಿ ಸೋತು ಕೊನೆಗೆ ಹೇಳಿದೆ: "ಸಾಹೇಬರೇ, ಇದು ಒಂದು ಚಾಳು. ಒಳಗೆ ಎಂಟು ಖೋಲಿ. ಒಂದೊಂದು ಖೋಲಿಗೂ ನಡುವೆ ಪಾರ್ಟಿಷನ್ ಹಾಕಿ ಎರಡೆರಡು ಸಂಸಾರ ಇಟ್ಟಿದ್ದಾರೆ."

ಅವರ ಮುಖ ಅರಳಿತು. "ಹಾಗೆ ಮೊದಲೇ ಹೇಳಬಾರದೇ?" ಎಂದು ಷರಾದಲ್ಲಿ ಬರೆದರು: 'ಸಂಸಾರ ಹದಿನಾರು. ಸಂಡಾಸ್ ಕಾಮನ್.'

ಮನೆ ಒಡತಿಯ ಪ್ರಶ್ನೆ

ಕೊನೆಗೂ ಗೋರೆಗಾಂವ್‌ನಲ್ಲೇ, ಆಫೀಸಿಗೆ ನಡೆದುಹೋಗುವಷ್ಟು ದೂರದಲ್ಲಿ, ಒಂದು ಮನೆ ಸಿಗುವಂತಿತ್ತು. ಮನೆ ಒಡತಿ ಅರವತ್ತು ದಾಟಿದವರು, ಚಹಾ ಕೊಟ್ಟು ಕೂರಿಸಿದರು. ಸೊಸೈಟಿ ಸೆಕ್ರೆಟರಿ ಸಂದರ್ಶನ ಶುರುಮಾಡಿದರು. ಮಾತೆಲ್ಲ ಹಿಂದಿಯಲ್ಲಿ.

"ವೆಜ್ ಹೋ ನಾ? ಅಂಡಾ ಭೀ ನಹೀ?"

"ಅಂಡಾ ಭೀ ನಹೀ," ಎಂದು ಮೊಟ್ಟೆಯನ್ನೂ ಬಿಟ್ಟುಕೊಡುತ್ತಿದ್ದಂತೆ ಫೋನು, ನಮ್ಮ ವಿಜಯಪುರದವರದ್ದು. ಸರ್ವರ್ ಉಸಿರು ಕಟ್ಟಿದೆಯಂತೆ.

ಮುಂಬೈನಲ್ಲಿ ಕನ್ನಡದವರಿಗೆ ಒಂದು ಧೈರ್ಯ: ಕನ್ನಡದಲ್ಲಿ ಏನು ಮಾತಾಡಿದರೂ ಪಕ್ಕದವರಿಗೆ ತಿಳಿಯದು. ಇನ್ನು ನಮ್ಮ ಕಸುಬಿನ ಭಾಷೆಯೋ, ಇನ್ನೊಂದು ಪ್ರೋಗ್ರಾಂ ಹುಟ್ಟಿಸಿದ್ದು ಅಪ್ಪ, ಹುಟ್ಟಿದ್ದು ಮಗು. ಮುಗಿದ ಮಗುವಿನ ಹೆಸರನ್ನು ಅಪ್ಪ ಪಟ್ಟಿಯಿಂದ ತೆಗೆಸುವವರೆಗೆ ಅದು ಹೆಣ; ಬರೀ 'ಕಿಲ್'ಗೆ ಜಗ್ಗದವರಿಗೆ 'ಕಿಲ್ ಒಂಬತ್ತು'. ಈ ಹೆಸರುಗಳನ್ನು ಇಟ್ಟವಳು ನಾನಲ್ಲ.

"ಮಕ್ಕಳನ್ನ ಕೊಲ್ತಾ ಕೂತರೆ ಆಗಲ್ಲ," ಎಂದೆ ಗಟ್ಟಿಯಾಗಿ. "ಅಪ್ಪ ಇರೋವರೆಗೂ ಹುಟ್ಟಿಸ್ತಾನೇ ಇರ್ತಾನೆ. ಅಪ್ಪನನ್ನ ಮೊದಲು ಮುಗಿಸಿ... ಸತ್ತು ಬಿದ್ದಿರೋ ಮಕ್ಕಳಾ? ಇರಲಿ ಬಿಡಿ, ಅಪ್ಪ ಸಂಸ್ಕಾರ ಮಾಡಿಲ್ಲ ಅಷ್ಟೇ... ಸಾಯ್ತಿಲ್ವಾ? ಒಳ್ಳೆ ಮಾತಲ್ಲಿ ಕೇಳಲ್ಲ ಅವನು. ಒಂಬತ್ತು ಹಾಕಿ ಕೊಲ್ಲಿ!"

ಸೆಕ್ರೆಟರಿ ನಗುನಗುತ್ತ ಕೇಳಿದರು: "ಘರ್ ಸೇ ಫೋನ್ ಥಾ?" ಮನೆಯಿಂದಲೇ ಎಂದು ತಲೆಯಾಡಿಸಿದೆ. ಫ್ಯಾಮಿಲಿ ಒಳ್ಳೆಯದು ಎಂದು ಸರ್ಟಿಫಿಕೇಟ್ ಕೊಟ್ಟು ಅವರು ಹೊರಟರು.

ಮನೆ ಒಡತಿಯ ಚಹಾ ಮಾತ್ರ ಆರಿಹೋಗಿತ್ತು. ಬಾಗಿಲು ಹಾಕಿ ಬಂದು ಮೆಲ್ಲಗೆ ಹೇಳಿದರು: "ನಮ್ಮದು ಕಾರ್ಕಳ ಮಾರಾಯ್ತಿ."

ಮನೆ ಕೈತಪ್ಪಿತು ಎಂದುಕೊಂಡು ಕಂಪ್ಯೂಟರು, ಪ್ರೋಗ್ರಾಂ ಎಂದು ತೊದಲುತ್ತ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಮಕ್ಕಳು ಅಂದ್ರೆ ಮಕ್ಕಳಲ್ವಾ?"

"ಅಲ್ಲ."

"ಅಪ್ಪ?"

"ಅಪ್ಪನೂ ಅಲ್ಲ."

ಸ್ವಲ್ಪ ಯೋಚಿಸಿ ಕೀಲಿಕೈ ನನ್ನ ಮುಂದಿಟ್ಟರು. "ನೀವು ಯಾರನ್ನು ಬೇಕಾದ್ರೂ ಕೊಲ್ಲಿ, ನನಗೇನು? ಆದ್ರೆ ಇದು ವೆಜ್ ಬಿಲ್ಡಿಂಗ್. ಕೊಂದದ್ದನ್ನು ಮನೆಗೆ ತಂದು ಅಡುಗೆ ಮಾಡುವ ಕ್ರಮ ಇಲ್ಲ ಅಲ್ವಾ?"