ಗಗನಯಾತ್ರಿಗೊಂದು ಸನ್ಮಾನ ಪತ್ರ

"ಅದ್ ನಿನ್ ಹತ್ರ ಆಪ್ದಲ್ಲ" ಎಂದವರು ನನ್ನ ಸೋದರಮಾವ ಶೀನ ಮಾವ. ನಾನು ಬಿ.ಎ. ಪಾಸಾಗುವುದಿಲ್ಲ ಎಂದವರೂ ಅವರೇ. ರಜೆಯಲ್ಲಿ ಕಾರ್ಖಾನೆಯಲ್ಲಿ ಹಂಚು ಹೊತ್ತು, ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಕಡೆಗೂ ಪಾಸಾದೆ. ನಮ್ಮ ವಂಶದಲ್ಲಿ ನಾನೇ ಮೊದಲ ಪದವೀಧರ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ, ನೀವೂ ಕೇಳಿರಲಿಲ್ಲ.

ಈ ಸಲ ಮಾವ ಆಗದು ಎಂದದ್ದು ಸನ್ಮಾನ ಪತ್ರದ ಕುರಿತು. ಬ್ರಹ್ಮಾವರದ ಹತ್ತಿರದ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ವಾಯುಪಡೆಯಿಂದ ನಿವೃತ್ತರಾದ ಗಗನಯಾತ್ರಿಯೊಬ್ಬರು ಬರುವವರಿದ್ದರು. ಅವರ ಬದುಕನ್ನು ಬರೆದು ವೇದಿಕೆಯಲ್ಲಿ ಓದುವ ಕೆಲಸವನ್ನು ಹಳೆ ವಿದ್ಯಾರ್ಥಿ ಸಂಘ ನನಗೆ ವಹಿಸಿತು. ನಮ್ಮ ಕಡೆ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದರೂ ಚೌಕಟ್ಟು ಹಾಕಿಸಿದ ಪತ್ರವನ್ನು ಗಟ್ಟಿಯಾಗಿ ಓದದಿದ್ದರೆ ಅದು ಸನ್ಮಾನವೇ ಅಲ್ಲ.

ಹದಿನೈದು ದಿನ ಕೂತು ಬರೆದೆ. ಮೀಸೆ ಮೂಡುವ ಮೊದಲೇ ಸೇನೆ ಸೇರಿದ್ದು, ಯುದ್ಧವಿಮಾನ ಹಾರಿಸಿದ್ದು, ಇಂಜಿನ್ ಕೈಕೊಟ್ಟ ವಿಮಾನವನ್ನು ಹೇಗೋ ಇಳಿಸಿದ್ದು, ವರ್ಷಗಟ್ಟಲೆ ತರಬೇತಿ, ಕಡೆಗೆ ಬಾಹ್ಯಾಕಾಶ. ಅಲ್ಲಿಂದ ಮರಳಿದ ಮೇಲೆ ನೆಲದ ಮೇಲೆ ನೆಟ್ಟಗೆ ನಡೆಯುವುದನ್ನೇ ಅವರು ಮತ್ತೆ ರೂಢಿ ಮಾಡಿಕೊಳ್ಳಬೇಕಾಯಿತಂತೆ. ಆ ಸಾಲಿನ ಕೆಳಗೆ ಎರಡೆರಡು ಗೆರೆ ಎಳೆದೆ.

ಸಂಘದ ಅಧ್ಯಕ್ಷರು ಓದಿ ನೋಡಿದರು. "ಹ್ವಾಯ್, ಲಾಯ್ಕ್ ಇತ್ತ್. ಆದ್ರೆ ಇವ್ರ್ ಯಾರ್ ಮನಿಯರ್ ಅಂದೇಳಿ ಎಲ್ಲಿತ್ತ್?"

"ತಾಯಿ ಮನಿ ಕುಂಭಾಶಿ ಬದಿ ಅಂಬ್ರ್" ಎಂದೆ.

"ಹಾಂಗಾರೆ ಅದ್ನ ಮೊದ್ಲ್ ಹಾಕ್. ಬಾಹ್ಯಾಕಾಶಕ್ಕೆ ಹೋದ್ದ್ ಎಲ್ರಿಗೂ ಗೊತ್ತಿತ್ತಲೆ!"

"ಸಮಿತಿಯರ್ ಹೆಸ್ರ್ ಹಾಕುಕೆ ಜಾಗವೇ ಇಲ್ಲೆ ಮಾರಾಯ" ಎಂದು ಕಾರ್ಯದರ್ಶಿ ಗೊಣಗಿದರು. ಚೌಕಟ್ಟು ಆಗಲೇ ಬಂದಾಗಿತ್ತು, ಹಿಗ್ಗಿಸುವಂತಿರಲಿಲ್ಲ. ಇಪ್ಪತ್ತೆರಡು ಹೆಸರು ಒಳಗೆ ಬಂದವು. ಯುದ್ಧವಿಮಾನ ಹೊರಗೆ ಹೋಯಿತು, ತರಬೇತಿಯೂ ಹೋಯಿತು. ಅಚ್ಚಾಗಿ ಬಂದದ್ದನ್ನು ಕಂಡರೆ, ಅವರು ಕುಂಭಾಶಿಯಿಂದ ಹೊರಟು ಎರಡನೇ ಸಾಲಿಗೇ ಬಾಹ್ಯಾಕಾಶ ಮುಟ್ಟಿ, ಮೂರನೇ ಸಾಲಿಗೆ ನಮ್ಮ ಸಮಿತಿಯ ನಡುವೆ ಬಂದಿಳಿದಿದ್ದರು.

ಮೈಯೆಲ್ಲ ಉರಿಯಿತು. ನನ್ನ ಪದವಿ ಪತ್ರದಲ್ಲಿಯೂ ಹಂಚು ಹೊತ್ತದ್ದನ್ನು ಯಾರೂ ಬರೆದಿಲ್ಲ. ಆ ಮನುಷ್ಯ ಪಟ್ಟ ಪಾಡನ್ನಾದರೂ ಊರು ಕೇಳಲಿ ಎಂದು ನನ್ನ ಹಸ್ತಪ್ರತಿಯನ್ನೇ ಕಿಸೆಯಲ್ಲಿಟ್ಟುಕೊಂಡು ವೇದಿಕೆ ಹತ್ತಿ, ಒಂದಕ್ಷರ ಬಿಡದೆ ಓದಿದೆ. ಅಧ್ಯಕ್ಷರು ಕೆಮ್ಮಿದರು. ಕಾರ್ಯದರ್ಶಿ ಹಿಂದಿನಿಂದ ಅಂಗಿ ಜಗ್ಗಿದರು. ಪೇಟ ತೊಟ್ಟ ಗಗನಯಾತ್ರಿ ಮಾತ್ರ ಅಲುಗದೆ ಕೂತಿದ್ದರು; ಅದಕ್ಕೂ ತರಬೇತಿ ಇದ್ದಿರಬೇಕು. ಕೊನೆಗೆ ಚೌಕಟ್ಟಿನಲ್ಲಿದ್ದ ಆ ಇಪ್ಪತ್ತೆರಡು ಹೆಸರನ್ನೂ ಓದಿದೆ. ಮರುದಿನ ಅದೇ ಊರಲ್ಲಿ ಓಡಾಡಬೇಕಲ್ಲ!

ಜೋರು ಚಪ್ಪಾಳೆ ಬಿತ್ತು. ಪತ್ರವನ್ನು ಅವರ ಕೈಗೆ ಕೊಟ್ಟಾಯಿತು. ನಾನು ಕೆಳಗಿಳಿದು, ಮೊದಲ ಸಾಲಿನಲ್ಲಿ ಕೂತಿದ್ದ ಅಮ್ಮನ ಮುಂದೆ ಎದೆಯುಬ್ಬಿಸಿ ನಿಂತೆ.

"ಅಷ್ಟ್ ಎತ್ರಕ್ಕೆ ಹೋಪುಕೆ ಅವ್ರಿಗೆ ಎಷ್ಟ್ ಹೊತ್ತ್ ಬೇಕಾಯ್ತ್ ಮಗಾ?" ಎಂದು ಅಮ್ಮ ಕೇಳಿದಳು.

"ಹತ್ತ್ ನಿಮಿಷವೂ ಬ್ಯಾಡ ಅಮ್ಮ, ರಾಕೆಟ್ ಅಲ್ದಾ!"

"ಪಾಪ," ಎಂದಳು ಅಮ್ಮ, "ನೀನ್ ಓದಿ ಮುಗ್ಸುಕೆ ಅರ್ಧ ಗಂಟಿ ಆಯ್ತಲೆ."