ಬೂಷ್ಟು ಹಿಡಿಸುವ ಕೈ

ನನ್ನ ಕೈಗೆ ಒಂದು ಕೆಟ್ಟ ಹೆಸರಿದೆ. ನಾನು ಮುಟ್ಟಿದ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆ ಎನ್ನುವುದು ನಮ್ಮ ಮನೆಯಲ್ಲಿ ಯಾರೂ ವಾದ ಮಾಡುವ ವಿಷಯವಲ್ಲ. ಗಾಂಧಿಬಜಾರಿನಿಂದ ಮಾವಿನ ಮಿಡಿ ಹೊತ್ತು ತರುವುದಕ್ಕೆ ಇದೇ ಕೈ ಆಗುತ್ತದೆ. ಮಿಡಿ ಉಪ್ಪಿಗೆ ಬಿದ್ದ ಮೇಲೆ ನಾನು ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಭರಣಿಯನ್ನು ಬಿಸಿಲಿಗಿಟ್ಟು, ಇಂಗಿನ ಹೊಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟುವ ನನ್ನ ಅಮ್ಮನಿಗೆ ಈ ಲೋಕದಲ್ಲಿ ಇರುವ ಶತ್ರು ಬೂಷ್ಟೊಂದೇ. ಮಗನನ್ನು ಆ ಶತ್ರುವಿನ ಏಜೆಂಟ್ ಎಂದು ತಿಳಿದೂ ಪ್ರೀತಿಯಿಂದ ಸಾಕಿದ್ದಾಳೆ.

ಇಂಥ ಮನೆಗೆ ನಾನು ದುಡ್ಡು ಕೊಟ್ಟು ಬೂಷ್ಟು ತಂದೆ. ಕಾರಣ, ನನ್ನ ಹೆಂಡತಿ ಸುಧಾಳ ಮಲ್ಲಿಗೆ ಗಿಡ. ಚಾಮರಾಜಪೇಟೆಯ ಅವಳ ತವರುಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದಾಗ, ತೀರಿಹೋದ ತಾಯಿ ನೆಟ್ಟಿದ್ದ ಆ ಗಿಡವನ್ನು ಬೇರುಸಮೇತ ತಂದು ನಮ್ಮ ಮಹಡಿಯ ಕುಂಡದಲ್ಲಿಟ್ಟಿದ್ದಳು. ಹೋದ ಮಳೆಗಾಲದಲ್ಲಿ ಅದರ ಎಲೆ ಹಳದಿಯಾಗಿ ಉದುರತೊಡಗಿತು. “ಅಮ್ಮನ ಮನೇದು ಅಂತ ಉಳಿದಿರೋದು ಇದೊಂದೇ ರೀ” ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ನನಗೆ ಆ ದಿನ ಊಟ ಸೇರಲಿಲ್ಲ.

ಮಹಡಿಯಲ್ಲಿ ತರಕಾರಿ ಬೆಳೆಯುವ ನನ್ನ ಆಫೀಸಿನ ಗೆಳೆಯ ಬಂದು ಬೇರು ಕೆದಕಿ ನೋಡಿದ. ಬೇರು ಕೊಳೆಯುತ್ತಿದೆ, ಟ್ರೈಕೋಡರ್ಮ ಹಾಕು ಎಂದ. ಹಾಗೆಂದರೆ ಕೆಟ್ಟ ಬೂಷ್ಟನ್ನು ತಿಂದು ಬೇರನ್ನು ಕಾಯುವ ಒಳ್ಳೆಯ ಬೂಷ್ಟು. ಅದರ ಪುಡಿಯನ್ನು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯ ಜೊತೆ ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಮುಚ್ಚಿ ನೆರಳಲ್ಲಿಡಬೇಕು. ಅಮ್ಮನಿಗೆ ಹೇಳುವ ಧೈರ್ಯವಿಲ್ಲದೆ ಕೋಲಿನಿಂದ ಕಲಸಿ ಮೆಟ್ಟಿಲ ಕೆಳಗೆ ಬಚ್ಚಿಟ್ಟೆ. ಬ್ರೆಡ್ಡಿನ ಮೇಲೆ ಒಂದು ಚುಕ್ಕೆ ಕಂಡರೆ ಇಡೀ ಪೊಟ್ಟಣ ಎಸೆಯುವ ನಾನು, ದಿನಾ ಬೆಳಿಗ್ಗೆ ಗೋಣಿ ಎತ್ತಿ, ಎಷ್ಟು ಹಬ್ಬಿದೆ ಎಂದು ತೊಟ್ಟಿಲ ಕೂಸನ್ನು ನೋಡುವಂತೆ ನೋಡುತ್ತಿದ್ದೆ. ಮೊದಲು ಬಿಳಿ ಎಳೆ ಮೂಡಿತು, ಆಮೇಲೆ ಹಸಿರು ಇಣುಕಿತು. ಇನ್ನೇನು ಕುಂಡಕ್ಕೆ ಹಾಕಬೇಕು ಅನ್ನುವಷ್ಟರಲ್ಲಿ, ಒಂದು ಸಂಜೆ ಆಫೀಸಿನಿಂದ ಬಂದರೆ ರಾಶಿ ಅರಿಶಿನದ ಬಣ್ಣಕ್ಕೆ ತಿರುಗಿ ಆವಿಯಾಡುತ್ತಿತ್ತು.

“ನಿನ್ನ ಗೊಬ್ಬರಕ್ಕೆ ಬೂಷ್ಟು ಹಿಡಿದಿತ್ತು ಕಣೋ” ಎಂದಳು ಅಮ್ಮ, ಮರುಕದಿಂದ. “ನೀನು ನೊಂದ್ಕೋತೀಯ ಅಂತ ನಾನೇ ಉಪ್ಪು ಅರಿಶಿನ ಹಾಕಿ ಕುದಿಯೋ ನೀರು ಹೊಯ್ದೆ.”

ಕೋಪ ಬಂತು, ನಿಜ. ಆದರೆ ಆ ವಯಸ್ಸಿನಲ್ಲಿ ಬಿಸಿನೀರಿನ ಪಾತ್ರೆ ಹೊತ್ತು ಮೆಟ್ಟಿಲವರೆಗೆ ಬಂದವಳ ಮೇಲೆ ಅದನ್ನು ತೀರಿಸಿಕೊಳ್ಳುವುದು ಹೇಗೆ? ಕೂತು ಎಲ್ಲ ವಿವರಿಸಿದೆ. ಸೂಕ್ಷ್ಮಜೀವಿ, ಶಿಲೀಂಧ್ರ ಎಂದೆಲ್ಲ ಹೇಳಿದ್ದಕ್ಕೆ ಅವಳ ಮುಖ ಅಲುಗಲಿಲ್ಲ. ಕೊನೆಗೆ, ಒಂದು ಚಮಚದಿಂದ ಇಡೀ ರಾಶಿಗೆ ಹಬ್ಬುತ್ತದೆ ಅಂದಾಗ ಕಣ್ಣರಳಿಸಿದಳು. ಹೆಪ್ಪು ಅಂತ ಮೊದಲೇ ಹೇಳುವುದಕ್ಕೆ ನನಗೇನಾಗಿತ್ತು ಎಂದು ಬೈದು, ಮಾರನೆಯ ದಿನವೇ ಹೊಸ ರಾಶಿ ಹಾಕಿಸಿದಳು. ನಾನು ಕೋಲು ಹುಡುಕುತ್ತಿದ್ದಾಗ ತಡೆದು, ಜೀವಮಾನದಲ್ಲಿ ಹೇಳದ ಮಾತು ಹೇಳಿದಳು: “ಕೈ ಹಾಕಿ ಕಲಸು. ಬೂಷ್ಟು ಹಿಡಿಸೋದಕ್ಕೆ ಈ ಮನೇಲಿ ನಿನ್ನ ಕೈನ ಬಿಟ್ರೆ ಇನ್ಯಾರದಿದೆ?”

ಹಿಡಿಯಿತು ನೋಡಿ! ಗೋಣಿಯ ಅಡಿಗೂ ಹಬ್ಬಿತ್ತು. ಅದನ್ನು ಬುಡಕ್ಕೆ ಹಾಕಿ, ನೀರು ಬಸಿದುಹೋಗಲು ಕುಂಡದ ತೂತು ಬಿಡಿಸಿ ಕಾದೆವು. ಚಿಗುರು ಬಂದು, ಬೇಸಿಗೆಗೆ ಮೊಗ್ಗೂ ಬಂತು. ಅರಳಿದ ಮೊದಲ ಹೂವನ್ನು ಸುಧಾ ಅಂಗೈಯಲ್ಲಿಟ್ಟುಕೊಂಡು ಕಣ್ಣುಮುಚ್ಚಿ ಮೂಸಿದಳು. ದೇವರಿಗೆ ಏರಿಸುವ ಮೊದಲು ಹೂ ಮೂಸಬಾರದು ಎನ್ನುವ ಅಮ್ಮ ಅಂದು ದೇವರಿಗೆ ಬೇರೆ ಮೊಗ್ಗು ಬಿಡಿಸಿಕೊಂಡಳು.

ಈಗ ಅಮ್ಮ ನನ್ನ ಕೈಗುಣವನ್ನು ಹನುಮಂತನಗರದ ಚಿಕ್ಕಮ್ಮನವರೆಗೂ ಫೋನಿನಲ್ಲಿ ಹೊಗಳಿದ್ದಾಳೆ. ಆ ಉಬ್ಬಿನಲ್ಲೇ ಮೊನ್ನೆ ಮೊಸರನ್ನಕ್ಕೆ ಮಿಡಿ ಹಾಕಿಕೊಳ್ಳಲು ಭರಣಿಯ ಕಡೆ ಕೈ ಚಾಚಿದೆ.

“ಆ ಕೈ ಗಿಡಕ್ಕೆ” ಎಂದು ಅಮ್ಮ ಭರಣಿಯನ್ನು ತನ್ನ ಕಡೆಗೆ ಎಳೆದುಕೊಂಡಳು.