ನಾನು ತಿದ್ದಿದ ಮಂಗಳವಾರ

ತಪ್ಪು ಕಂಡರೆ ತಿದ್ದದೆ ಇರಲಾರದವರಲ್ಲಿ ಕೆಲವರು ಕೇಳಿ ತಿದ್ದುತ್ತಾರೆ. ಅವರಿಂದ ಲೋಕಕ್ಕೆ ಅಂಥ ಅಪಾಯವೇನಿಲ್ಲ. ನಾನು ಕೇಳದೆ ತಿದ್ದುವವನು. ಮೂವತ್ತು ವರ್ಷ ಶಾಸನಗಳ ಕಾಲನಿರ್ಣಯವೇ ಕಸುಬಾಗಿದ್ದುದರಿಂದ, ತಿಥಿ ಒಂದು ಹೇಳಿ ವಾರ ಇನ್ನೊಂದು ಹೇಳಿದರೆ ನನಗೆ ಊಟ ರುಚಿಸುವುದಿಲ್ಲ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರಿಗಿಂತ ಮೊದಲು ದಿನಾಂಕಕ್ಕೂ ವಾರಕ್ಕೂ ಹೊಂದಿಕೆಯಿದೆಯೇ ಎಂದು ನೋಡುತ್ತೇನೆ. ಒಮ್ಮೆ ಹೊಂದದೆ ಹೋದುದನ್ನು ಹುಡುಗಿಯ ತಂದೆಗೆ ಫೋನ್ ಮಾಡಿ ತಿಳಿಸಿದೆ. ಅವರು ವಿನಯದಿಂದಲೇ ಕೃತಜ್ಞತೆ ಹೇಳಿದರು; ಆಮೇಲೆ ಆ ಮನೆಯ ಯಾವ ಶುಭಕಾರ್ಯಕ್ಕೂ ನಮಗೆ ಕರೆ ಬರಲಿಲ್ಲ. ಆ ನಷ್ಟ ನನ್ನದು, ಹೋಗಲಿ. ಆದರೆ ಇದೇ ಚಟದಿಂದ ಒಮ್ಮೆ ನಮ್ಮ ಮಹಡಿಯ ಬಾಡಿಗೆದಾರ ಬಸವರಾಜರ ಮಾನ ಹೋಗುವುದರಲ್ಲಿತ್ತು.

ಇದು ಎರಡು ಸಾವಿರದ ಮೂರರ ಮಾತು ಎಂದು ಮೊದಲು ಬರೆದಿದ್ದೆ. ದಿನಚರಿ ತೆಗೆದು ನೋಡಿ ನಾಲ್ಕು ಎಂದು ತಿದ್ದಿದ್ದೇನೆ. ಬಸವರಾಜರು ಬಾಗಲಕೋಟೆಯ ಕಡೆಯವರು. ಬಿಟಿಎಂ ಬಡಾವಣೆಯ ಕಚೇರಿಯೊಂದರಲ್ಲಿ ಕೆಲಸ, ಜಯನಗರದ ನಮ್ಮ ಮನೆಯ ಮೇಲೆ ವಾಸ. ಒಂದು ಶನಿವಾರ ಬೆಳಿಗ್ಗೆ ಅವರಿಗೆ ಬಂದ ಪತ್ರ ಕೊಡಲು ಮೇಲೆ ಹೋದಾಗ ಅವರು ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಳಿತಿದ್ದರು. ಪರದೆಯ ಮೇಲೆ ಹಸಿರು ಸಾಲುಗಳು ಒಂದರ ಕೆಳಗೊಂದು ಮೂಡುತ್ತಿದ್ದವು. ಮೂರು ಸಿ.ಡಿ.ಗಳಲ್ಲಿ ಒತ್ತಿ ತುಂಬಿದ್ದ ಆಟವೊಂದನ್ನು ಬಿಚ್ಚಿ ಯಂತ್ರದೊಳಗೆ ಹರಡಿದ್ದಾರಂತೆ. ಅದರಲ್ಲಿ ಸಾವಿರಾರು ಫೈಲುಗಳಂತೆ. ಬಿಚ್ಚುವಾಗ ಯಾವುದಾದರೂ ಮುಕ್ಕಾಯಿತೇ ಎಂಬ ಪರೀಕ್ಷೆ ನಡೆದಿತ್ತಂತೆ. ಪ್ರತಿಯೊಂದು ಫೈಲಿಗೂ ಮೂವತ್ತೆರಡು ಅಕ್ಷರಗಳ ಒಂದು ಮುದ್ರೆಯುಂಟು. ಆಟ ರಚಿಸಿದವರು ಕೊಟ್ಟ ಪಟ್ಟಿಯ ಮುದ್ರೆಯೂ ಇಲ್ಲಿ ಯಂತ್ರ ಎಣಿಸಿದ ಮುದ್ರೆಯೂ ಕೂಡಿಬಂದರೆ ಸಾಲು ಹಸಿರು, ಇಲ್ಲವಾದರೆ ಕೆಂಪು.

ನನಗೆ ಮೈ ಜುಮ್ಮೆಂದಿತು. ಒಂದೇ ಗ್ರಂಥದ ಎರಡು ಓಲೆಪ್ರತಿಗಳನ್ನು ಹೋಲಿಸಲು, ಸಹೋದ್ಯೋಗಿಯೊಬ್ಬರು ಓದುತ್ತ ನಾನು ನೋಡುತ್ತ, ಎರಡು ವರ್ಷ ಕಳೆದದ್ದುಂಟು. ಅವರಿಗೆ ಗಂಟಲು ಕಟ್ಟಿ, ನನಗೆ ತೂಕಡಿಕೆ ಹತ್ತಿ, ಅರ್ಧ ಗರಿ ಹಾರಿಹೋದದ್ದೂ ಉಂಟು. ಇಲ್ಲಿ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಪಾಠಶೋಧನೆ ಮುಗಿಯುತ್ತಿತ್ತು. ಎಲ್ಲೋ ಒಂದೇ ಒಂದು ಅಕ್ಷರ ಬದಲಾಗಿದ್ದರೆ ಎಂದು ಕೇಳಿದೆ.

“ಒಂದ ಚುಕ್ಕಿ ಆಚೀಚೆ ಆದ್ರೂ ಮುದ್ರಿ ಪೂರಾ ಬ್ಯಾರೆ ಆಗಿಬಿಡ್ತೈತ್ರಿ ಸರ,” ಎಂದರು ಬಸವರಾಜರು.

ಮರುದಿನ ಬಿಟಿಎಂನ ಸೈಬರ್ ಸೆಂಟರೊಂದರಲ್ಲಿ ಪಂದ್ಯವಿತ್ತು. ಅವರವರ ಯಂತ್ರ ಅವರವರೇ ಹೊತ್ತು ತರಬೇಕು. ಆಟಕ್ಕೆ ಮೊದಲು ಎಲ್ಲರ ಫೈಲುಗಳಿಗೂ ಇದೇ ಪರೀಕ್ಷೆ. ಕೆಲವರು ಫೈಲನ್ನು ತಿದ್ದಿ, ಎದುರಾಳಿಯ ಕೋಟೆಗೋಡೆ ತಮಗೆ ಮಾತ್ರ ಗಾಜಿನಂತೆ ಕಾಣುವ ಹಾಗೆ ಮಾಡಿಕೊಳ್ಳುತ್ತಾರಂತೆ. ಕೆಲಸಕ್ಕೆ ಸೇರಿ ಒಂದು ವರ್ಷವಾದ ಮೇಲೆ ಕಚೇರಿಯ ತಂಡ ಮೊದಲ ಬಾರಿಗೆ ತಮ್ಮನ್ನು ಸೇರಿಸಿಕೊಂಡಿದೆ ಎಂದು ಅವರು ಎರಡು ಸಲ ಹೇಳಿದರು. ಕೋಟೆಯ ಆಟವೆಂದು ಕೇಳಿ ನಾನು ಆಸಕ್ತಿ ತೋರಿಸಿದ್ದಕ್ಕೆ, ಅದರ ಹಿನ್ನೆಲೆಯ ಇತಿಹಾಸವಿದ್ದ ಫೈಲನ್ನು ತೆರೆದುಕೊಟ್ಟು ಸ್ನಾನಕ್ಕೆ ಹೋದರು.

ಓದಿದೆ. ರಾಜನೊಬ್ಬನ ಪಟ್ಟಾಭಿಷೇಕ ಇಂಥ ದಿನಾಂಕ, ಮಂಗಳವಾರ ಎಂದಿತ್ತು. ಕೈಲಿದ್ದ ಲಕೋಟೆಯ ಬೆನ್ನಿನ ಮೇಲೆ ಮೂರು ಸಲ ಗುಣಿಸಿದೆ. ಮೂರು ಸಲವೂ ಗುರುವಾರವೇ ಬಂತು. ತಿದ್ದಿದೆ, ಉಳಿಸಿದೆ, ಕೆಳಗಿಳಿದು ತೃಪ್ತಿಯಿಂದ ಉಪ್ಪಿಟ್ಟು ತಿಂದೆ. ಉಪಕಾರವನ್ನು ಹೇಳಿಕೊಳ್ಳುವುದು ಸಣ್ಣತನವೆಂದು ಬಸವರಾಜರಿಗೆ ತಿಳಿಸಲಿಲ್ಲ.

ಪರೀಕ್ಷೆಯನ್ನು ಇನ್ನೊಮ್ಮೆ ನೋಡುವ ಆಸೆಯಿಂದ ಭಾನುವಾರ ಅವರೊಂದಿಗೆ ಆಟೋ ಹತ್ತಿದೆ. ಹಾಸಿಗೆಯ ಹೊದಿಕೆಯಲ್ಲಿ ಸುತ್ತಿದ ಯಂತ್ರ ಅವರ ತೊಡೆಯ ಮೇಲೆ, ಮಾನಿಟರು ನನ್ನ ತೊಡೆಯ ಮೇಲೆ. ಸೆಂಟರಿನ ಒಡತಿ ಮಂಜುಳಾ. ಈಗ ಕಟ್ಟಡಗಳು ನಿಂತಿರುವ ಆ ಜಾಗದಲ್ಲಿ ಅವರ ಅಜ್ಜ ರಾಗಿ ಬೆಳೆಯುತ್ತಿದ್ದರಂತೆ. ಬಸವರಾಜರ ಯಂತ್ರದಲ್ಲಿ ಹಸಿರು ಸಾಲುಗಳು ಹರಿದವು, ಹರಿದವು, ನಡುವೆ ಒಂದು ಕೆಂಪು ಸಾಲು ಬಂತು.

“ಸಾರಿ ಬಸವರಾಜ್, ಒಂದ್ ಫೈಲ್ ಚೇಂಜ್ ಆಗಿದೆ. ರೂಲ್ಸು ಎಲ್ರಿಗೂ ಒಂದೇ,” ಎಂದರು ಮಂಜುಳಾ.

ತಂಡದವನೊಬ್ಬ ಮುಖ ತಿರುಗಿಸಿ, “ಏನ್ ಗುರು, ನೀನೂನಾ?” ಎಂದ.

ತಾನು ಮುಟ್ಟಿಲ್ಲ, ನಿನ್ನೆ ತಾನೇ ಪರೀಕ್ಷಿಸಿದ್ದೇನೆ ಎಂದು ಬಸವರಾಜರು ಹೇಳುತ್ತಿದ್ದರು. ಹೇಳಿದಷ್ಟೂ ಅವರ ದನಿ ಕಳ್ಳನ ದನಿಯಂತೆ ಕೇಳತೊಡಗಿತು. ಮಂಜುಳಾ ಫೈಲಿನ ಹೆಸರು ಓದಿದರು. ನಿಜ ಹೇಳಬೇಕೆಂದರೆ ನನ್ನಲ್ಲಿ ಮೊದಲು ಹುಟ್ಟಿದ್ದು ನಾಚಿಕೆಯಲ್ಲ, ವಿಸ್ಮಯ. ಸಾವಿರಾರು ಫೈಲುಗಳ ನಡುವೆ ನನ್ನ ಒಂದೇ ಒಂದು ವಾರವನ್ನು ಅದು ಹುಡುಕಿ ಹಿಡಿದಿತ್ತು. ನಾಚಿಕೆ ಬರುವ ಹೊತ್ತಿಗೆ ಬಸವರಾಜರು ಯಂತ್ರದ ತಂತಿಗಳನ್ನು ಬಿಚ್ಚಲು ಬಗ್ಗಿದ್ದರು. ತಿದ್ದಿದವನು ನಾನು ಎಂದೆ.

“ಯಾಕ್ ಅಂಕಲ್?”

“ತಪ್ಪಿತ್ತಮ್ಮ. ಅವತ್ತು ಗುರುವಾರ.”

“ಇರ್ಲಿ ಅಂಕಲ್, ತಪ್ಪಿದ್ರೆ ತಪ್ಪಾಗೇ ಇರ್ಬೇಕು. ಗೇಮ್ ಮಾಡ್ದೋರು ಕೊಟ್ಟಿದ್ದೇ ಹಾಗಲ್ವಾ,” ಎಂದರು ಮಂಜುಳಾ. ನಾನು ಹೇಳುವುದು ನಿಜವಾದರೆ ಹಳೆಯದನ್ನೇ ಮತ್ತೆ ಬರೆದಾಗ ಸಾಲು ಹಸಿರಾಗಬೇಕು, ಬರೆದು ತೋರಿಸಿ ಎಂದರು.

ಏಳೆಂಟು ಜನ ಸುತ್ತ ನಿಂತು ನೋಡುತ್ತಿರಲು ನಾನು ಗುರುವಾರ ಅಳಿಸಿ ಮಂಗಳವಾರ ಬರೆದೆ. ಕೆಂಪು. ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸವರಾಜರು ಮೆಲ್ಲಗೆ ಬಗ್ಗಿ, “ಸರ, ಮುಂದ ಒಂದ ಜಾಗಾ ಹೆಚ್ಚಿಗಿ ಬಿಟ್ಟೀರಿ ನೋಡ್ರಿ,” ಎಂದರು. ಆ ಖಾಲಿ ಜಾಗವನ್ನು ಅಳಿಸಿದೆ. ಹಸಿರು. ಮುಖ ತಿರುಗಿಸಿದ್ದವನೇ ಬಂದು ಬಸವರಾಜರ ಹೆಗಲ ಮೇಲೆ ಕೈಹಾಕಿ, “ಬಾ ಮಗಾ, ಕೂತ್ಕೋ,” ಎಂದ.

ಅವರ ತಂಡ ಎರಡನೆಯ ಸುತ್ತಿನಲ್ಲೇ ಸೋತಿತಂತೆ; ನಾನು ಗಮನಿಸಲಿಲ್ಲ. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ನಾನು ಸಂಪಾದಿಸಿದ ಶಾಸನಸಂಪುಟವನ್ನು ನೆನಪಿನಲ್ಲೇ ತಿರುವಿಹಾಕುತ್ತಿದ್ದೆ. ಕಲ್ಲು ಕಡೆದವನ ಎಷ್ಟು ಮಂಗಳವಾರಗಳನ್ನು ನಾನು ಗುರುವಾರ ಮಾಡಿದ್ದೇನೆ! ಕೆಲವಕ್ಕೆ ಅಡಿಟಿಪ್ಪಣಿಯುಂಟು; ಕೆಲವು ತೀರಾ ಸ್ಪಷ್ಟವಾದ ತಪ್ಪುಗಳೆಂದು ಅದನ್ನೂ ಹಾಕಿಲ್ಲ. ಪುಣ್ಯಕ್ಕೆ ಆ ರೂವಾರಿ ಮೂವತ್ತೆರಡು ಅಕ್ಷರಗಳ ಮುದ್ರೆ ಬಿಟ್ಟುಹೋಗಿರಲಿಲ್ಲ. ಅದರಿಂದಲೇ ನನಗೆ ಶಾಲು ಹೊದೆಸಿ, ಹಾರ ಹಾಕಿ, ‘ಮೂಲನಿಷ್ಠ ವಿದ್ವಾಂಸರು’ ಎಂದು ಕರೆದು ನಿವೃತ್ತಿಗೊಳಿಸಿದರು.